ಷಡ್ಡಕರ ಚಿತ್ರವೂ ನಮ್ಮ ನೆಲವೂ

ಸ್ವಂತ ಮನೆ ಕಟ್ಟಿಸಿದವನಲ್ಲಿ ವಿನಯ ಉಳಿಯುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಬನಶಂಕರಿಯಲ್ಲಿ ಮನೆ ಕಟ್ಟಿಸಿದ ನನ್ನಲ್ಲೂ ಉಳಿದಿರಲಿಲ್ಲ. ಬಂದವರಿಗೆ ಕಾಫಿ ಕೊಡುವ ಮೊದಲೇ ಹಾಲ್‌ನ ಮೊಸಾಯಿಕ್ ನೆಲ ತೋರಿಸಿ, "ನೀರು ಚೆಲ್ಲಿದ್ರೆ ಚೆಲ್ಲಿದ ಕಡೇನೇ ನಿಲ್ಲುತ್ತೆ, ಅಷ್ಟು ಮಟ್ಟ" ಎನ್ನುತ್ತಿದ್ದೆ. ಈ ಮಾತನ್ನು ನಿಜವಾಗಿ ನಂಬಿದವರು ನನ್ನ ಷಡ್ಡಕ ರಾಮನಾಥ್ ಒಬ್ಬರೇ. ಹೆಂಡತಿಯ ಅಕ್ಕನ ಗಂಡ; ಜಯನಗರದವರು, ದೊಡ್ಡ ಹುದ್ದೆಯವರು. ಆ ವರ್ಷ ಇದ್ದಕ್ಕಿದ್ದಂತೆ ಕಲಾವಿದರಾಗಿದ್ದರು. ಕುಂಚ ಹಿಡಿಯುವುದು ಹಳಬರ ಕೆಲಸವಂತೆ. ಇವರು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಡಬ್ಬದಿಂದಲೇ ಬಣ್ಣ ಸುರಿಯುತ್ತಿದ್ದರು, ದೋಸೆ ಹುಯ್ಯುವವರಿಗಿರುವ ಎಚ್ಚರವೂ ಇಲ್ಲದೆ. ಅವರ ತಾರಸಿ ಮಳೆನೀರಿಗೆಂದು ಇಳಿಜಾರು. ಮನೆಯೊಳಗೆ ಸುರಿಯಲು ಅವರ ಹೆಂಡತಿ ಬಿಡಲಿಲ್ಲ.

ಹಾಗಾಗಿ ಒಂದು ಭಾನುವಾರ ಆಳೆತ್ತರದ ಕ್ಯಾನ್ವಾಸ್ ನಮ್ಮಲ್ಲಿಗೆ ಬಂತು. "ಮಟ್ಟವಾದ ನೆಲ ಬೇಕು ಕಣ್ರೀ. ನಿಮ್ಮದೇ ಬೆಸ್ಟ್" ಎಂದರು. ನಾನು ಕರಗಿದೆ. ಕೆಂಪು, ಹಳದಿ, ನೀಲಿ ಸುರಿದು ಕಣ್ಣು ಮುಚ್ಚಿ ನಿಂತರು. ನನ್ನ ಹೆಂಡತಿ ಸರಸ, "ಇದೇನು ಭಾವ?" ಎಂದು ಕೇಳಿದಳು.

"ವಿಶ್ವದ ಸಮತೋಲನ. ಯಾವ ಬಣ್ಣಾನೂ ಇನ್ನೊಂದನ್ನ ಮುಟ್ಟಲ್ಲ ನೋಡು" ಎಂದರು. ಒಣಗುವವರೆಗೆ ಯಾರೂ ಹತ್ತಿರ ಹೋಗಬಾರದೆಂದು ಹೇಳಿ, ಊಟ ಮುಗಿಸಿ ಹೊರಟರು. ನಾವು ಗೋಡೆಗೆ ಬೆನ್ನು ಉಜ್ಜಿಕೊಂಡು ಅಡುಗೆಮನೆಗೆ ಓಡಾಡಿದೆವು.

ಬೆಳಿಗ್ಗೆ ನೋಡಿದರೆ ವಿಶ್ವವೆಲ್ಲ ದೇವರಮನೆ ಕಡೆಗೆ ಹೊರಟಿತ್ತು. ಕೆಂಪು ಹಳದಿಯ ಮೇಲೇರಿ, ಎರಡೂ ಸೇರಿ ನೀಲಿಯನ್ನು ದಬ್ಬಿ, ಸಿಟಿ ಬಸ್ಸಿನ ಬಾಗಿಲಲ್ಲಿ ಜನ ಮುತ್ತುವಂತೆ ಒಂದು ಮೂಲೆಗೆ ಮುತ್ತಿದ್ದವು.

"ನೆಲ ವಾಲಿದೆ" ಎಂದಳು ಸರಸ.

"ಬಣ್ಣ ತೆಳುವಾಗಿತ್ತು" ಎಂದೆ.

ಅವಳು ಮಾತು ಬೆಳೆಸದೆ ಒಂದು ಲೋಟ ನೀರು ತಂದು ಬರಿ ನೆಲದ ಮೇಲೆ ಸುರಿದಳು. ನೀರು ನೆಟ್ಟಗೆ ದೇವರಮನೆಗೆ ಹೋಯಿತು.

ರಾಮನಾಥ್ ಬಂದು ನೋಡಿ ಬಿಳಿಚಿಕೊಂಡರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಸಾವರಿಸಿಕೊಂಡು, "ನನಗೆ ಬೇಕಾಗಿದ್ದೂ ಇದೇ" ಎಂದುಬಿಟ್ಟರು. ಪ್ರದರ್ಶನದ ಹೊತ್ತಿಗೆ ಸಮತೋಲನ ಹೋಗಿ ಚಿತ್ರದ ಹೆಸರು 'ವಿಶ್ವದ ಚಲನೆ' ಎಂದಾಗಿತ್ತು. ಗಡ್ಡದ ವಿಮರ್ಶಕರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು, "ಬಣ್ಣಕ್ಕೆ ಹೀಗೆ ದಿಕ್ಕು ಕೊಡೋದು ಎಲ್ಲರಿಗೂ ಬರಲ್ಲ ಸಾರ್" ಎಂದರು. ರಾಮನಾಥ್ ತಲೆ ತಗ್ಗಿಸಿ, "ಎಲ್ಲ ಸಾಧನೆ" ಎಂದರು.

ಮನೆ ಕಟ್ಟಿಸಿದವನು ಎಷ್ಟೆಂದು ತಡೆದುಕೊಳ್ಳುತ್ತಾನೆ? "ದಿಕ್ಕು ನಂದು ಸಾರ್" ಎಂದು ಮುಂದೆ ಬಂದೆ.

ವಿಮರ್ಶಕರು ನನ್ನತ್ತ ತಿರುಗಿ, "ತಾವು?" ಎಂದರು.

ಸರಸ ನನ್ನ ತೋಳು ಹಿಡಿದು ಹಿಂದಕ್ಕೆಳೆಯುತ್ತ, "ನಮ್ಮನೆಯವರು. ಸ್ವಲ್ಪ ವಾಲ್ತಾರೆ, ಏನೂ ಅಂದ್ಕೋಬೇಡಿ" ಎಂದಳು.