ಕಾರಿನ ಕಣ್ಣಿಗೆ ಲೆನ್ಸಪ್ಪನವರ ಗಾಳಿ

ಕಾರಿನ ಮುಂದಿನ ಗಾಜಿಗೆ ವೈಪರ್ ಇದೆ. ಹಿಂದಿನ ಗಾಜಿಗೂ ಇದೆ. ಹೆಡ್‌ಲೈಟಿಗೆ, ಬಂಪರಿನ ಸೆನ್ಸರುಗಳಿಗೆ ಏನಿದೆ? ಲೆನ್ಸಪ್ಪನವರಿದ್ದಾರೆ. ಇದು ಅವರ ಹೆಂಡತಿಯ ಮಾತು, ತಮಾಷೆಗೆ ಹೇಳಿದ್ದಲ್ಲ.

ಲೆನ್ಸಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿ ಅವರದು. ಎದುರಿಗೆ ಯಾರು ಬಂದರೂ ಮುಖ ನೋಡುವ ಮೊದಲು ಕನ್ನಡಕದ ಗಾಜು ನೋಡಿ, "ಛೆ, ಏನ್ರೀ ಈ ಕೊಳೆ!" ಎಂದು ಕಿತ್ತುಕೊಂಡು ಒರೆಸಿಕೊಡುವ ಚಾಳಿಗೆ ಬೀದಿಯವರು ದಯಪಾಲಿಸಿದ ಬಿರುದು ಅದು. ಅವರ ಹೆಂಡತಿ ಡ್ರೈವಿಂಗ್ ಶಾಲೆ ನಡೆಸುವವರು, ಊರಿಗೆಲ್ಲ ಟೀಚರಮ್ಮ. ಲೆನ್ಸಪ್ಪನವರಿಗೆ ಮಾತ್ರ ಡ್ರೈವಿಂಗ್ ಬರುವುದಿಲ್ಲ. (ಒಮ್ಮೆ ಕಲಿಯಲು ಹೋಗಿದ್ದರು. ಆ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಟೀಚರಮ್ಮನಿಗೆ ಸಿಟ್ಟು ಬಂದಾಗ ಬಿಟ್ಟು.)

ಶಾಲೆಗೆಂದು ಹೊಸ ಕಾರು ತಂದ ದಿನ, ಶೋರೂಮಿನ ಹುಡುಗಿ ನಯವಾಗಿ ಎಚ್ಚರಿಸಿದ್ದಳು: "ಹಿಂದೆ ಏನಾದ್ರೂ ಅಡ್ಡ ಇದ್ರೆ ಈ ಸೆನ್ಸರ್ ಕೂಗುತ್ತೆ ಮೇಡಂ. ಆದ್ರೆ ಮೇಲೆ ಕೆಸರು ಕೂರಬಾರದು. ದಿನಾ ಒರೆಸ್ತಿರಬೇಕು." ಅಲ್ಲೇ ನಿಂತಿದ್ದ ಲೆನ್ಸಪ್ಪನವರು ಎದೆಯುಬ್ಬಿಸಿ, "ಅದನ್ನ ನನಗೆ ಬಿಡಿ. ಗಾಜು ಒರೆಸೋದು ನಮ್ಮ ರಕ್ತದಲ್ಲೇ ಇದೆ" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಬೆಳಗ್ಗೆ ಅವರ ಕೈಗೆ ಕಾಫಿಗಿಂತ ಮೊದಲು ಒಂದು ಹಳದಿ ಬಟ್ಟೆ ಬಂತು.

ಬೀದಿಯಲ್ಲಿ ಆಗ ಪೈಪು ಹಾಕಲು ರಸ್ತೆ ಅಗೆದಿದ್ದರು. ಒಣಗಿದ ದಿನ ಧೂಳು, ನೀರು ಸೋರಿದ ದಿನ ಕೆಸರು. ಸ್ವಂತ ಅಂಗಡಿಯ ಯಜಮಾನ, ಇಸ್ತ್ರಿ ಮಾಡಿದ ಷರಟಿನಲ್ಲಿ, ಬೀದಿಗೆ ಬೆನ್ನು ತಿರುಗಿಸಿ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಹಾಲು ತರಲು ಹೊರಟವರೆಲ್ಲ, "ಏನ್ಸಾರ್, ಕಾರಿಗೆ ಎಷ್ಟು ನಂಬರ್ ಬಂತು?" ಎಂದು ಕೇಳಿಯೇ ಮುಂದೆ ಹೋಗುವುದು. ಲೆನ್ಸಪ್ಪನವರಿಗೆ ಸೊಂಟದ ನೋವು ಒಂದು ಕಡೆ, ಮಾನದ ನೋವು ಇನ್ನೊಂದು ಕಡೆ. ಸೊಂಟಕ್ಕೆ ಮುಲಾಮಿತ್ತು.

ಈ ಹಳದಿ ಬಟ್ಟೆಯಿಂದ ಬಿಡುಗಡೆ ಆಗಬೇಕು. ಬದುಕಿನಲ್ಲಿ ಅವರಿಗೆ ಆಗ ಇದ್ದದ್ದು ಇದೊಂದೇ ಆಸೆ.

ಉಪಾಯ ಅಂಗಡಿಯಲ್ಲೇ ಹೊಳೆಯಿತು. ಗಾಜಿನ ಮೇಲಿನ ಧೂಳನ್ನು ಅವರು ಮೊದಲು ರಬ್ಬರಿನ ಬುರುಡೆ ಒತ್ತಿ ಉಫ್ ಎನಿಸುತ್ತಾರೆ, ಬಟ್ಟೆ ಆಮೇಲೆ. ಉಫ್ ಚೆನ್ನಾಗಿದ್ದರೆ ಬಟ್ಟೆ ಯಾತಕ್ಕೆ? ಕಾರಿಗೂ ಉಫ್ ಏಕಾಗಬಾರದು? ಆ ಭಾನುವಾರ ಅವರ ಮಹಾಯಜ್ಞ ಶುರುವಾಯಿತು. ಕಾಲಲ್ಲಿ ತುಳಿದು ಗಾಳಿ ಹೊಡೆಯುವ ಪಂಪು ಹಿಂದಿನ ಸೀಟಿನ ಬುಡದಲ್ಲಿ ಪ್ರತಿಷ್ಠಾಪನೆಯಾಯಿತು. ಅದರಿಂದ ಮೀನಿನ ತೊಟ್ಟಿಯ ಸಣ್ಣ ಕೊಳವೆಗಳು ಕಾರಿನ ಹೊಟ್ಟೆಯಡಿ ಹಾದು, ಹೆಡ್‌ಲೈಟು, ಸೆನ್ಸರುಗಳ ಪಕ್ಕ ತಲೆ ಎತ್ತಿದವು. ಕೊಳವೆಗಳ ತುದಿಗೆ ಬಾಲ್‌ಪೆನ್ನಿನ ಮೂತಿಗಳು. ಮನೆಯಲ್ಲಿದ್ದ ಪೆನ್ನುಗಳೆಲ್ಲ ಮೂತಿ ಕಳೆದುಕೊಂಡವು. ಪದಬಂಧ ಬಿಡಿಸಲು ಕೂತ ಲೆನ್ಸಪ್ಪನವರ ತಾಯಿಗೆ ಬರೀ ರೀಫಿಲ್ಲು ಕೈಗೆ ಬಂತು.

"ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸ್ತಂತೆ" ಎಂದರು ಆಕೆ. "ಲೇ, ನಿನ್ನ ಗಂಡ ಕಾರಿನ ಕೆಳಗೆ ಮಲಗಿದಾನೆ, ಎಬ್ಬಿಸಿ ನೋಡು."

"ಇರಲಿ ಬಿಡಿ ಅತ್ತೆ, ಭಾನುವಾರ ಮನೆಯೊಳಗೆ ಇದ್ರೂ ಮಲಗೇ ಇರ್ತಾರೆ" ಎಂದರು ಟೀಚರಮ್ಮ.

ಸಂಜೆ ಪ್ರಾತ್ಯಕ್ಷಿಕೆ. ಲೆನ್ಸಪ್ಪನವರು ತಾಯಿಯ ಪೌಡರ್ ಡಬ್ಬಿ ತಂದು ಸೆನ್ಸರುಗಳ ಮೇಲೆ ಧಾರಾಳವಾಗಿ ಉದುರಿಸಿದರು. ಹಿಂದಿನ ಸೀಟಿನಲ್ಲಿ ಗಂಭೀರವಾಗಿ ಆಸೀನರಾಗಿ ಪಂಪು ತುಳಿದರು. ಉಸ್ಸ್! ಪೌಡರ್ ಹಾರಿತು, ಸೆನ್ಸರು ಲಕಲಕ ಎಂದಿತು.

"ಪರವಾಗಿಲ್ವೇ!" ಎಂದು ಟೀಚರಮ್ಮನ ಬಾಯಿಂದ ತಾನಾಗಿ ಬಂತು. ಮದುವೆಯಾದ ಮೇಲೆ ಅವರ ಬಾಯಲ್ಲಿ ಲೆನ್ಸಪ್ಪನವರು ಈ ಮಾತು ಕೇಳಿದ್ದು ಅಪರೂಪ.

"ಹಾಗಾದ್ರೆ ಇನ್ಮೇಲೆ ಆ ಬಟ್ಟೆ ನನ್ನ ಕೈಗೆ ಕೊಡಕೂಡದು."

"ನಾಳೆ ಒಂದಿನ ಪಾಠದಲ್ಲಿ ನೋಡೋಣ. ಸರಿ ಹೋದ್ರೆ ಖಂಡಿತ ಕೊಡಲ್ಲ."

ಪರೀಕ್ಷೆ ಮಾಡುವಾಗ ಕಾರು ಆಫ್ ಆಗಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ. ವರ ಎಚ್ಚರವಾಗಿದ್ದಾಗ ನೋಡಿ, ಗೊರಕೆ ಇಲ್ಲ ಎಂದು ಒಪ್ಪಿಕೊಂಡ ಹಾಗಾಯಿತು.

ಮರುದಿನದ ಪಾಠ ಹಲ್ಲಿನ ಡಾಕ್ಟರಮ್ಮನದು. ಈಕೆ ರೋಗಿಗಳಿಗೆ ದಿನವಿಡೀ "ಏನೂ ಆಗಲ್ಲ, ಏನೂ ಆಗಲ್ಲ" ಎಂದು ಹೇಳಿ ಹೇಳಿ ತಾವೂ ಅದನ್ನು ನಂಬಿಬಿಟ್ಟಿದ್ದರು. ರಿವರ್ಸಿನಲ್ಲಿ ಟೀಚರಮ್ಮ "ಬ್ರೇಕ್, ಬ್ರೇಕ್!" ಎಂದು ಕೂಗಿದರೂ, ಕನ್ನಡಿಯಲ್ಲಿ ನೋಡುತ್ತ "ಇನ್ನೂ ಜಾಗ ಇದೆ, ಏನೂ ಆಗಲ್ಲ" ಎನ್ನುವರು. ಹಾಗೆ ಹೇಳಿಯೇ ಹಳೆಯ ಕಾರಿನಲ್ಲಿ ಶಾಲೆಯ ಗೇಟಿನ ಕಂಬಕ್ಕೆ ಎರಡು ಸಲ ಗುದ್ದಿದ್ದರು. ಲೈಸೆನ್ಸಿನ ಪರೀಕ್ಷೆ ಆ ವಾರವೇ ಇತ್ತು.

ಬಯಲಿಗೆ ಹೋದರು. ಡಾಕ್ಟರಮ್ಮ ರಿವರ್ಸ್ ಹಾಕಿದರು. ಹಿಂದೆ ಕಣ್ಣು ಹಾಯಿಸಿದಷ್ಟೂ ಖಾಲಿ ನೆಲ. ಹಿಂದಿನ ಸೀಟಿನಲ್ಲಿದ್ದ ಲೆನ್ಸಪ್ಪನವರು, ಧೂಳೆದ್ದಿತೆಂದು, ಶುಭಮುಹೂರ್ತ ನೋಡಿ ಪಂಪು ತುಳಿದರು.

ಕೀಂಂಂಂ!

ಡಾಕ್ಟರಮ್ಮ ಕಿಟಾರನೆ ಕಿರುಚಿ ಬ್ರೇಕಿನ ಮೇಲೆ ನಿಂತೇಬಿಟ್ಟರು. "ಅಯ್ಯಯ್ಯೋ, ಯಾರಿಗೆ ಗುದ್ದಿದೆ?"

ಟೀಚರಮ್ಮ ಇಳಿದು ನೋಡಿದರು. ನರಪಿಳ್ಳೆ ಇಲ್ಲ. ಮತ್ತೆ ಹೊರಟರು. ಮತ್ತೆ ಕೀಂಂಂ. ಲೆನ್ಸಪ್ಪನವರಿಗೆ ಖಾತ್ರಿಯಾಯಿತು: ಸೆನ್ಸರಿಗೆ ಧೂಳು ಮೆತ್ತಿದೆ, ಅದಕ್ಕೇ ಕೂಗುತ್ತಿದೆ. ಇನ್ನಷ್ಟು ತುಳಿದರು. ಇನ್ನಷ್ಟು ಕೂಗಿತು. ಅದು ಕೂಗಿತೆಂದು ಇವರು ತುಳಿಯುವುದು, ಇವರು ತುಳಿದರೆಂದು ಅದು ಕೂಗುವುದು. ಡಾಕ್ಟರಮ್ಮ ಕಾರು ನಿಲ್ಲಿಸಿ, ಕೈಮುಗಿದು ಕಣ್ಣು ಮುಚ್ಚಿದರು.

"ರೀ, ಪಂಪಿಂದ ಕಾಲು ತೆಗೀರಿ" ಎಂದರು ಟೀಚರಮ್ಮ.

ತೆಗೆದರು. ಕಾರು ಗಪ್‌ಚಿಪ್.

"ಈಗ ತುಳೀರಿ."

ಕೀಂಂಂ.

ಟೀಚರಮ್ಮ ಹಣೆ ಹಣೆ ಚಚ್ಚಿಕೊಂಡರು. "ಅಲ್ರೀ, ಅದು ಕಣ್ಣಲ್ಲ, ಕಿವಿ! ಅದು ಶಬ್ದ ಮಾಡಿ, ಆ ಶಬ್ದ ಗೋಡೆಗೆ ತಗುಲಿ ವಾಪಸ್ ಬರೋದನ್ನ ಕೇಳಿಸ್ಕೊಳ್ಳುತ್ತೆ. ನೀವು ಕಿವಿಗೆ ಬಾಯಿಟ್ಟು ಉಸ್ ಅಂತೀರಿ. ನಿಮ್ಮ ಕಿವಿಗೆ ಯಾರಾದ್ರೂ ಹಾಗೆ ಊದಿದ್ರೆ ಸುಮ್ಮನಿರ್ತೀರಾ?"

"ನೋಡೋಕೆ ಲೆನ್ಸ್ ಹಾಗೇ ಇದೆಯಲ್ಲೇ..."

"ನಿಮಗೆ ಏನು ನೋಡಿದ್ರೂ ಲೆನ್ಸೇ. ಹೋಗ್ಲಿ, ಹೆಡ್‌ಲೈಟಿನ ಕಥೆ ನೋಡಿದ್ರಾ?"

ಲೆನ್ಸಪ್ಪನವರು ಇಳಿದು ಮುಂದೆ ಹೋದರು. ಹೆಡ್‌ಲೈಟಿನ ಮೇಲಿದ್ದ ಹಸಿ ಕೆಸರು ಗಾಳಿಗೆ ಚೆನ್ನಾಗಿ ಒಣಗಿ ಗಾರೆಯ ಹಾಗೆ ಕೂತಿತ್ತು. ಅಲ್ಲಿಗೆ ಮಹಾಯಜ್ಞ ಮುಗಿಯಿತು. ಪಾಪ, ಅವರಿಗೆ ನಿಜಕ್ಕೂ ಅಳು ಬಂತು. ಹಳದಿ ಬಟ್ಟೆ ಕಾರಿನ ಯಾವ ಮೂಲೆಯಲ್ಲಿದೆ ಎಂದು ತಾವಾಗಿಯೇ ಹುಡುಕತೊಡಗಿದರು.

ಆಗ ಡಾಕ್ಟರಮ್ಮ ಕಣ್ಣು ಬಿಟ್ಟರು. "ಟೀಚರ್, ಇನ್ನೊಂದು ಸಲ ಮಾಡೋಣ. ಸರ್ ಯಾವಾಗ ತುಳೀತಾರೆ ಅಂತ ನನಗೆ ಹೇಳ್ಬೇಡಿ."

ಮಾಡಿದರು. ಕೀಂ ಎಂದ ಕೂಡಲೇ ಡಾಕ್ಟರಮ್ಮನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಕಾಣುವ ಕಂಬಕ್ಕೆ ಹೆದರದವರು ಕಾಣದ ಗೋಡೆಗೆ ಹೆದರಿದರು. "ಏನೂ ಆಗಲ್ಲ" ಎಂಬ ಮಾತು ಬಾಯಿಗೆ ಬರುವಷ್ಟರಲ್ಲಿ ಕಾರು ನಿಂತಿರುತ್ತಿತ್ತು. ಆ ವಾರ ಲೈಸೆನ್ಸೂ ಬಂತು. ಡಾಕ್ಟರಮ್ಮ ಹಲ್ಲು ಕೀಳುತ್ತಲೇ ರೋಗಿಗಳಿಗೆಲ್ಲ ಈ ಕಥೆ ಹೇಳಿದರು. (ಬಾಯಿ ತೆರೆದು ಕೂತವರು ಬೇಡ ಎನ್ನುವ ಸ್ಥಿತಿಯಲ್ಲಿರುವುದಿಲ್ಲ.) ಡ್ರೈವಿಂಗ್ ಶಾಲೆಗೆ ಜನ ಸಾಲುಗಟ್ಟಿದರು. ಎಲ್ಲರಿಗೂ ಆ ಪಂಪಿನ ಪಾಠವೇ ಬೇಕು.

ಟೀಚರಮ್ಮ ಕೊಟ್ಟ ಮಾತಿಗೆ ತಪ್ಪುವವರಲ್ಲ. "ಇನ್ಮೇಲೆ ಕಾರು ಒರೆಸೋದೇ ಕಲಿಯೋರ ಮೊದಲ ಪಾಠ. ನಿಮ್ಮ ಕೈಗೆ ಬಟ್ಟೆ ಕೊಡಲ್ಲ" ಎಂದರು. ಲೆನ್ಸಪ್ಪನವರ ಮುಖ ಅರಳಿತು.

"ಆದ್ರೆ ಪಂಪು ತುಳಿಯೋದು ನೀವೇ. ಆ ಮೂತಿ, ಕೊಳವೆ ಬೇರೆ ಯಾರಿಗೆ ಗೊತ್ತಾಗುತ್ತೆ? ಅಂಗಡಿ ಮಧ್ಯಾಹ್ನ ತೆಗೆದರಾಯ್ತು."

ಈಗ ಬೆಳಗಿನಿಂದ ಮಧ್ಯಾಹ್ನದವರೆಗೆ ಲೆನ್ಸಪ್ಪನವರು ಹಿಂದಿನ ಸೀಟಿನಲ್ಲಿ ಮುದುಡಿ ಕೂತಿರುತ್ತಾರೆ. ಪ್ರತಿ ಬ್ರೇಕಿಗೂ ಮೂಗು ಮುಂದಿನ ಸೀಟಿಗೆ, ತಲೆ ಹಿಂದಿನ ಸೀಟಿಗೆ. ಮೊನ್ನೆ ಹೊಸದಾಗಿ ಸೇರಿದ ದರ್ಜಿಯೊಬ್ಬರು ಸ್ಟಿಯರಿಂಗ್ ಹಿಡಿದು ಕೂತವರು ಕನ್ನಡಿಯಲ್ಲಿ ಇವರನ್ನು ಕಂಡು ಹೌಹಾರಿದರು.

"ಟೀಚರಮ್ಮ, ಹಿಂದೆ ಯಾರೋ ಕೂತಿದಾರೆ!"

ಲೆನ್ಸಪ್ಪನವರು ನಗುತ್ತ ತಮ್ಮ ಪರಿಚಯ ಹೇಳಿಕೊಳ್ಳಲು ಬಾಯಿ ತೆರೆದರು.

"ಯಾರೂ ಇಲ್ಲ, ಅದು ಗೋಡೆ" ಎಂದರು ಟೀಚರಮ್ಮ, ಸೀಟ್ ಬೆಲ್ಟ್ ಎಳೆದುಕೊಳ್ಳುತ್ತ. "ರೀ, ನೀವು ಮಾತಾಡಬೇಡಿ."