ದೇವಿಯ ಮುಂದಿದ್ದ ಕ್ಯಾಮ್‌ಶಾಫ್ಟ್ ಪಟ್ಟಿ

ಗ್ಯಾರೇಜಿನಲ್ಲಿ ಗೃಹಸ್ಥ ಕೂತ ಮೇಲೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಈ ಮೂರರಲ್ಲಿ ಕೊನೆಯದು ನಡೆದದ್ದು ನನ್ನ ಮನೆಯಲ್ಲೇ. ಆದರೂ ಅದನ್ನು ನನಗೆ ಮೊದಲು ಹೇಳಿದವಳು ನನ್ನ ಹೆಂಡತಿ. ಅದು ಶುರುವಾದಾಗ ನಾನು ಕಣ್ಣು ಮುಚ್ಚಿ ಜಪದಲ್ಲಿದ್ದೆ.

೧. ದೋಸೆ ಮಗುಚುವ ಕೈ

ಅಮೆರಿಕದ ಮಿಲ್ಪಿಟಾಸಿನ ನಮ್ಮ ಟೌನ್‌ಹೌಸಿನ ಗ್ಯಾರೇಜಿನಲ್ಲಿ ಕಾರಿಲ್ಲ. ನನ್ನದೂ ಗೆಳೆಯರದೂ ಹಳೆಯ ಮೋಟರ್‌ಸೈಕಲ್ಲುಗಳಿವೆ. ಬಿಚ್ಚಿದ ಇಂಜಿನ್ನಿಗೆ, ವಾಲ್ವುಗಳನ್ನು ತೆರೆದು ಮುಚ್ಚುವ ಎರಡು ಕ್ಯಾಮ್‌ಶಾಫ್ಟುಗಳನ್ನು ಮತ್ತೆ ಕೂರಿಸುವಾಗ ಅವು ಚೈನಿನ ಒಂದು ಹಲ್ಲಿನಷ್ಟೂ ತಿರುಗಬಾರದು. ತಿರುಗಿದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹಾಳು. ಎರಡನ್ನೂ ನೇರವಾಗಿ, ಅಲುಗದಂತೆ ಹಿಡಿಯಲು ಒಂದು ಉಕ್ಕಿನ ಪಟ್ಟಿ ಬೇಕು. ಅಂಗಡಿಯಿಂದ ತರಿಸಿದ್ದು ಸಡಿಲವಾಯಿತು. ಸರಿಯಾದ ದಪ್ಪ ಸಿಕ್ಕಿದ್ದು ಅಡುಗೆಮನೆಯಲ್ಲಿ, ಹೆಂಡತಿ ತವರಿನಿಂದ ತಂದಿದ್ದ ದೋಸೆ ಮಗುಚುವ ಕೈಯ ಹಿಡಿಯಲ್ಲಿ. ಕತ್ತರಿಸಿದೆ, ಅರ ಹಾಕಿ ಉಜ್ಜಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಮರುದಿನ ಬೆಳಿಗ್ಗೆ ಅವಳು ಹಿಡಿಯಿಲ್ಲದ ತುದಿಯನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಂದಿಟ್ಟಳು.

“ದೋಸೆ ಹೆಂಚಿನ ಮೇಲಿದೆ. ನೀವೇ ಹೋಗಿ ಮಗುಚಿಕೊಳ್ಳಿ.”

೨. ಓಡದ ವಾಹನ

ನಮ್ಮ ಕಾಲೊನಿಯ ಸಂಘದ ಅಧ್ಯಕ್ಷರು ಮೈಸೂರಿನವರು. ಒಂದು ಭಾನುವಾರ ಅವರೇ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತರು.

“ಯಜಮಾನ್ರೇ, ಇಲ್ಲಿ ವೆಹಿಕಲ್ ರಿಪೇರಿ ಮಾಡೋ ಹಾಗಿಲ್ಲ. ರೂಲು.”

“ಓಡೋದಕ್ಕೆ ತಾನೇ ಸಾರ್ ವೆಹಿಕಲ್ ಅನ್ನೋದು? ಇದು ಓಡಲ್ಲ.”

“ಓಡದಿದ್ರೆ ಗುಜರಿ. ಗುಜರಿ ಇಡೋ ಹಾಗೂ ಇಲ್ಲ.”

“ಹಾಗಾದ್ರೆ ರಿಪೇರಿ ಮಾಡಲೇಬೇಕಾಯ್ತಲ್ಲ ಸಾರ್.”

ಅವರು ಆ ಪಟ್ಟಿಯನ್ನು ಎತ್ತಿಕೊಂಡು, ಅದು ಏನು, ಎಲ್ಲಿ ಕೂರುತ್ತದೆ ಎಂದೆಲ್ಲ ವಿಚಾರಿಸಿದರು. ಆಮೇಲೆ, “ಮುಂದಿನ ಮೀಟಿಂಗಲ್ಲಿ ಈ ಕೆಲಸ ನಿಲ್ಲಿಸ್ತೀನಿ” ಅಂದರು.

ಇದು ನಿಂತರೆ ಈ ದೇಶದಲ್ಲಿ ನನಗೆ ಉಳಿಯುವುದು ಸೋಫಾ ಒಂದೇ. ಹೆದರಿಕೆಯಾಯಿತು, ತೋರಿಸಲಿಲ್ಲ.

“ಮೀಟಿಂಗು ಕರೀರಿ ಸಾರ್. ನಾನೂ ಬರ್ತೀನಿ, ನಿಮ್ಮ ಗುಜರಿ ಓಡಿಸ್ಕೊಂಡೇ.”

೩. ಮೈಸೂರಿನವರ ದಸರಾ

ಮೀಟಿಂಗು ಬಿದ್ದದ್ದು ಆಯುಧಪೂಜೆಯ ದಿನ. ಬೆಳಿಗ್ಗೆ ಸ್ಪ್ಯಾನರು, ಅರ, ಆ ಪಟ್ಟಿ, ಎಲ್ಲಕ್ಕೂ ಕುಂಕುಮ ಹಚ್ಚಿ, ಗ್ಯಾರೇಜಿನಲ್ಲೇ ದೇವಿಯ ಪಟದ ಮುಂದೆ ಜೋಡಿಸಿ, ನಾನು ಒಳಗೆ ಜಪಕ್ಕೆ ಕೂತೆ. ಆಗ ಅಧ್ಯಕ್ಷರು ಓಡಿ ಬಂದರಂತೆ, ಮೊಣಕೈವರೆಗೂ ಕಪ್ಪು ಎಣ್ಣೆ. ತಮ್ಮ ಗ್ಯಾರೇಜಿನ ಬಾಗಿಲು ಹಾಕಿಕೊಂಡು ತಮ್ಮದೇ ಮೋಟರ್‌ಸೈಕಲ್ಲು ಬಿಚ್ಚಿದ್ದಾರೆ, ಕ್ಯಾಮ್‌ಶಾಫ್ಟು ಮತ್ತೆ ಕೂರುತ್ತಿಲ್ಲ. “ಹತ್ತೇ ನಿಮಿಷ ಅಮ್ಮಾ” ಎಂದು ಪಟ್ಟಿಗೆ ಕೈ ಚಾಚಿದರಂತೆ. ಆ ಕೈಗೆ ನನ್ನ ಹೆಂಡತಿ ಕುಂಕುಮದ ಬಟ್ಟಲು ಹಿಡಿದಳಂತೆ. ಅವರು ಹಣೆಗೆ ಇಟ್ಟುಕೊಂಡ ಮೇಲೆ ಕಡಲೆ ಉಸಲಿ ಕೊಟ್ಟು ಕೂರಿಸಿ, ಒಳಗೆ ಬಂದು ನನ್ನ ಕಿವಿಯಲ್ಲಿ ಇಷ್ಟನ್ನೂ ಹೇಳಿದಳು. ನಾನು ಜಪ ಮುಗಿಸಿಯೇ ಎದ್ದೆ.

“ಇವತ್ತು ಆಯುಧ ಮುಟ್ಟೋ ಹಾಗಿಲ್ಲ ಸಾರ್. ನಾಳೆ ವಿಜಯದಶಮಿ, ಬೆಳಿಗ್ಗೆ ನಾನೇ ತಂದು ಕೂರಿಸಿಕೊಡ್ತೀನಿ.”

“ಯಾರ್ರೀ ನೋಡ್ತಾರೆ ಇಲ್ಲಿ?”

“ಎದುರಿಗೇ ಕೂತಿದ್ದಾಳಲ್ಲ ತಾಯಿ.”

“ಸಂಜೆ ಮೀಟಿಂಗು ನನ್ನ ಕೈಲಿದೆ, ನೆನಪಿರಲಿ.”

“ಮೈಸೂರಿನವರೇ ದಸರಾ ಮರೆತರೆ ನಾನೇನು ಮಾಡಲಿ ಸಾರ್? ನಿಮ್ಮ ರೂಲಿನ ಪ್ರಕಾರ ನನ್ನ ಕೆಲಸ ಬೇಕಾದ್ರೆ ನಿಲ್ಲಿಸಿ. ನನ್ನ ರೂಲು ನಾನು ಮುರಿಯಲ್ಲ.”

ಸಂಜೆ ನಡೆದೇ ಹೋದೆ, ಗಾಡಿಯೂ ಪೂಜೆಯಲ್ಲಿತ್ತು. ಅಧ್ಯಕ್ಷರು ಎದ್ದು ನಿಂತರು. ಹಣೆಯ ಮೇಲೆ ಎಣ್ಣೆ ಕಲಸಿದ ಕುಂಕುಮ, ಉಗುರಿನ ತುಂಬ ಗ್ರೀಸು. “ಗ್ಯಾರೇಜಲ್ಲಿ ರಿಪೇರಿ ಮಾಡುವ ವಿಷಯ…” ಎಂದವರು ನನ್ನ ಕಡೆ ನೋಡಿದರು. ನಾನು ಕೈಕಟ್ಟಿ ಕೂತಿದ್ದೆ.

ಮುಂದಿನ ಸಾಲಿನ ಅಜ್ಜಿ ಕೇಳಿದರು, “ನಿಮ್ಮ ಕೈಗೇನಾಯ್ತು?”

“ಪೂಜೆ ಮಾಡ್ತಿದ್ದೆ” ಅಂದರು ಅಧ್ಯಕ್ಷರು. “ಪೂಜೆಗೆ ಅಡ್ಡಿ ಬರೋ ಆ ರೂಲು ತೆಗೆದುಬಿಡೋಣ.”

ನಿಮ್ಮ ಕಾಲೊನಿಯಲ್ಲೂ ಬಾಗಿಲು ಹಾಕಿಕೊಂಡು ಇಂಜಿನ್ ಬಿಚ್ಚುವ ಅಧ್ಯಕ್ಷರಿದ್ದರೆ, ದಯವಿಟ್ಟು ಈ ಪ್ರಸಂಗವನ್ನು ಅವರ ಕಿವಿಗೂ ಹಾಕಿ. ಆಯುಧಪೂಜೆಗೆ ಮುಂಚೆಯೇ ಹಾಕಿದರೆ ಅವರಿಗೇ ಒಳ್ಳೆಯದು.