ಹಳದಿ ಗೆರೆಯ ಆಚೆ ಸಿನಿಮಾ

ಸೇಫ್ಟಿ ಆಫೀಸರನ ಕೆಲಸದಲ್ಲಿ ನಗುವುದಕ್ಕೆ ಅವಕಾಶ ಕಡಿಮೆ. ಆದರೂ ನಗು ಬರಿಸುವ ಸಂಗತಿಗಳು ಗೇಟ್ ಪಾಸ್ ಇಲ್ಲದೆ ಒಳಗೆ ಬರುತ್ತಲೇ ಇರುತ್ತವೆ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ನಮ್ಮ ಅಲ್ಯೂಮಿನಿಯಂ ಕಿಟಕಿ ಕಾರ್ಖಾನೆಗೆ ಚೀನಾದ ಸಿನಿಮಾ ನಿರ್ದೇಶಕಿಯೊಬ್ಬರು ಬಂದರು. ಪಾಸ್ ಇತ್ತು. ನಿರ್ಮಾಪಕರಿಲ್ಲ, ತಂಡವಿಲ್ಲ, ಕ್ಯಾಮೆರಾ ಹೊರುವವರೂ ಅವರೇ. ನಮ್ಮ ಕೆಲಸಗಾರರನ್ನು ಕುರಿತ ಇದು ಅವರ ಮೂರನೆಯ ಚಿತ್ರ. ಎರಡನೆಯದು, ಅದರಲ್ಲಿ ಕಾಣಿಸುವ ವಾಚ್‌ಮನ್ ಒಬ್ಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದ್ದರಿಂದ ತೆರೆ ಕಾಣಲಿಲ್ಲವಂತೆ.

"ವಾಚ್‌ಮನ್ ಸರಿಯಾಗಿಯೇ ಮಾಡಿದ," ಎಂದೆ.

ಆಕೆ ಕ್ಯಾಮೆರಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು.

ಹೆಲ್ಮೆಟ್

ಆಕೆಗೆ ಹೆಲ್ಮೆಟ್, ಬೂಟು, ಜಾಕೆಟ್ ಹಾಕಿಸಿದೆ. ನಮ್ಮಲ್ಲಿದ್ದ ಅತಿ ಚಿಕ್ಕ ಬೂಟಿಗೂ ಮೂರು ಜೊತೆ ಕಾಲುಚೀಲ ಬೇಕಾಯಿತು.

"ಕ್ಯಾಮೆರಾಕ್ಕೆ ಹೆಲ್ಮೆಟ್ ಬೇಡವೇ ಸರ್?"

ಬೇಡ ಎಂದೆ. ನಿಯಮಪುಸ್ತಕ ನೋಡಿಯೇ ಹೇಳಿದೆ.

ಚಹಾ

ಹೊರಗಿನವರು ಯಂತ್ರಗಳ ಸುತ್ತ ನೆಲದಲ್ಲಿ ಎಳೆದ ಹಳದಿ ಗೆರೆ ದಾಟಬಾರದು, ನನ್ನ ಕಣ್ಣಳತೆ ಬಿಟ್ಟು ಹೋಗಬಾರದು. ಕೆಲಸಗಾರರು ಚಹಾ ಕುಡಿಯುವುದನ್ನು ಚಿತ್ರಿಸಬೇಕೆಂದು ಆಕೆ ಐದು ದಿನ ಕಾದರು. ನನ್ನನ್ನು ಕಂಡೊಡನೆ ಎಲ್ಲರೂ ಲೋಟ ಕೆಳಗಿಟ್ಟು ಕೈಗವಸು ಹಾಕಿಕೊಳ್ಳುತ್ತಿದ್ದರು.

"ಸರ್, ನೀವು ಸ್ವಲ್ಪ ಆಚೆ ಹೋಗಬಹುದಾ?"

"ಹೋಗಬಹುದು. ಆದರೆ ನೀವೂ ಬರಬೇಕು."

ಆರನೆಯ ದಿನ ಆಕೆ ಕೇಳುವುದನ್ನು ಬಿಟ್ಟರು. ಕ್ಯಾಮೆರಾ ಯಾವ ಕಡೆ ತಿರುಗಿತೆಂದು ನಾನು ಗಮನಿಸಲಿಲ್ಲ. ಗೆರೆ ದಾಟೀತೇ ಎಂದು ನನ್ನ ಕಣ್ಣು ಆಕೆಯ ಬೂಟಿನ ಮೇಲಿತ್ತು.

ಅರ್ಜಿ

ಕೆಲವು ತಿಂಗಳ ಮೇಲೆ ಮತ್ತೆ ಬಂದರು. ಚಿತ್ರ ಅಬುಧಾಬಿಯ ಒಂದು ಉತ್ಸವಕ್ಕೆ ಆಯ್ಕೆಯಾಗಿತ್ತು. ಅದರ ತುಂಬ ನಾನೇ ಇದ್ದೆ. ಗುರುವಾರದೊಳಗೆ ನನ್ನ ಸಹಿ ಬೇಕು, ಇಲ್ಲದಿದ್ದರೆ ಇದೂ ಎರಡನೆಯದರ ದಾರಿ ಹಿಡಿಯುತ್ತದೆ.

ಆದರೆ ನಮ್ಮ ಸಿಬ್ಬಂದಿ ಸಿನಿಮಾದಲ್ಲಿ ಕಾಣಿಸಿಕೊಳ್ಳಲು ಸೇಫ್ಟಿ ಆಫೀಸರನ, ಅಂದರೆ ನನ್ನದೇ, ಲಿಖಿತ ಅನುಮತಿ ಬೇಕು.

"ಆ ರೂಲ್ ಬರೆದದ್ದು ನೀವೇ ಅಲ್ವಾ ಮಾರಾಯ್ರೆ," ಎಂದ ಉಡುಪಿಯ ಫೋರ್‌ಮನ್. "ಒಂದು ಸಹಿ ಗೀಚಿ, ಖಲಾಸ್."

"ಬರೆದವನಿಗೆ ವಿನಾಯಿತಿ ಅಂತ ಬರೆದಿಲ್ಲ."

ನನಗೇ ಒಂದು ಅರ್ಜಿ ಬರೆದೆ. ಸ್ವೀಕರಿಸಿ ಮುದ್ರೆ ಒತ್ತಿದೆ. ಪರಿಶೀಲಿಸಿದೆ. ಫೋಟೋ ಲಗತ್ತಿಸಿರಲಿಲ್ಲ, ವಾಪಸ್ ಮಾಡಿದೆ.

ಆಕೆ ತುಟಿ ಬಿಗಿದುಕೊಂಡು, ಲ್ಯಾಪ್‌ಟಾಪಿನಿಂದ ಚಿತ್ರದ ಒಂದು ದೃಶ್ಯವನ್ನೇ ಪ್ರಿಂಟ್ ಮಾಡಿ ಕೊಟ್ಟರು. ಹೆಲ್ಮೆಟ್ಟಿನ ಪಟ್ಟಿ ಬಿಗಿಯದ ಕೆಲಸಗಾರನೊಬ್ಬನನ್ನು ನಾನು ಗದರಿಸುತ್ತಿದ್ದೆ. ಒಂದು ಕೈ ಕರವಸ್ತ್ರದಿಂದ ನನ್ನ ಬೋಳುತಲೆಯ ಬೆವರು ಒರೆಸುತ್ತಿತ್ತು. ನನ್ನ ಹೆಲ್ಮೆಟ್ ಕಂಕುಳಲ್ಲಿತ್ತು.

ಫೋರ್‌ಮನ್ ಗೋಡೆಯ ಕಡೆ ತಿರುಗಿದ.

ಅನುಮತಿ ಕೊಟ್ಟೆ. ಆಕೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಅನಂತರ ಹೆಲ್ಮೆಟ್ ಹಾಕದ್ದಕ್ಕೆ ನನ್ನ ಹೆಸರಿಗೆ ಒಂದು ಮೆಮೊ ಬರೆದು, ತಲುಪಿತೆಂದು ಅದಕ್ಕೂ ಸಹಿ ಹಾಕಿ ತಲೆ ಎತ್ತಿದರೆ, ಆಕೆಯ ಕ್ಯಾಮೆರಾ ಓಡುತ್ತಿತ್ತು.

"ಇದಕ್ಕೆ," ಎಂದೆ, "ಬೇರೆ ಅರ್ಜಿ ಬೇಕಾಗುತ್ತದೆ."